ಮೂರು ಗ್ರಾಂ ರೆಕ್ಕೆ: ಟಿಶ್ಯೂ ಕಾಗದದ ವಿಮಾನ ಕಟ್ಟಿಸಿದ ಐದು ಅವಧಿಗಳ ಪಾಠ

ಪೀಠಿಕೆ

ಅಭ್ಯಾಸ ಬೋಧನೆಗಾಗಿ ನನ್ನನ್ನು ಕುಂದಾಪುರ ತಾಲೂಕಿನ ಒಂದು ಪ್ರೌಢಶಾಲೆಗೆ ನಿಯೋಜಿಸಲಾಗಿತ್ತು. ಅಲ್ಲಿ ಒಂಬತ್ತನೇ ತರಗತಿಗೆ ‘ಬಲ ಮತ್ತು ಚಲನೆಯ ನಿಯಮಗಳು’ ಘಟಕ ಬೋಧಿಸುವಾಗ, ಹಗುರ ಕಡ್ಡಿಯ ಚೌಕಟ್ಟಿಗೆ ಟಿಶ್ಯೂ ಕಾಗದ ಹೊದಿಸಿದ ಪುಟ್ಟ ತೇಲು ವಿಮಾನಗಳನ್ನು ಮಕ್ಕಳಿಂದ ಕಟ್ಟಿಸಿದೆ. ಇದರಲ್ಲಿ ಎಂಜಿನ್ ಇಲ್ಲ, ರಬ್ಬರ್ ಇಲ್ಲ. ಕೈಯಿಂದ ಮೆಲ್ಲನೆ ಬಿಟ್ಟರೆ ತೇಲಿಕೊಂಡು ಹೋಗಿ ಇಳಿಯಬೇಕು. ನಾಲ್ಕನೇ ಅವಧಿಯ ವೀಕ್ಷಣಾ ಪುಸ್ತಕದಲ್ಲಿ ವೀಕ್ಷಕರು ‘ಪಾಠಯೋಜನೆಯಿಂದ ವಿಚಲನೆ ಇದೆ, ಕಾರಣ ದಾಖಲಿಸಿ’ ಎಂದು ಬರೆದಿದ್ದಾರೆ. ಆ ಕಾರಣವೂ, ಈ ಪಾಠ ಮಾಡಬಯಸುವ ಸಹ ಪ್ರಶಿಕ್ಷಣಾರ್ಥಿಗಳಿಗೆ ಬೇಕಾದ ವಿವರವೂ ಈ ಲೇಖನದಲ್ಲಿವೆ.

ಈ ಬಗೆಯ ವಿಮಾನ ಆಟಿಕೆಯಂತೆ ಕಂಡರೂ ಅದಕ್ಕೊಂದು ಇತಿಹಾಸವಿದೆ. 1871ರ ಆಗಸ್ಟ್‌ನಲ್ಲಿ ಆಲ್ಫೋನ್ಸ್ ಪೆನೊ ಎಂಬ ಫ್ರೆಂಚ್ ತರುಣ ಪ್ಯಾರಿಸ್‌ನ ಉದ್ಯಾನವೊಂದರಲ್ಲಿ ರಬ್ಬರ್ ಎಳೆಯಿಂದ ಓಡುವ ಮಾದರಿ ವಿಮಾನ ಹಾರಿಸಿದ. ಅದರ ರೆಕ್ಕೆಯ ಅಗಲ 45 ಸೆಂ.ಮೀ., ತೂಕ 16 ಗ್ರಾಂ. ಅದು 11 ಸೆಕೆಂಡು ಗಾಳಿಯಲ್ಲಿದ್ದು ಸುಮಾರು 40 ಮೀಟರ್ ಸಾಗಿತು. ರೈಟ್ ಸಹೋದರರಿಗೆ 1878ರಲ್ಲಿ ಅವರ ತಂದೆ ತಂದುಕೊಟ್ಟ ಹಾರುವ ಆಟಿಕೆಯೂ ಪೆನೊನ ಮಾದರಿಯದ್ದೇ. ಬಿದಿರು, ಬೆಂಡು, ಕಾಗದ, ರಬ್ಬರ್‌ಗಳಿಂದ ಮಾಡಿದ್ದು. ಈ ಸಾಮಗ್ರಿಗಳ ಪಟ್ಟಿಯನ್ನು ಕರಿಹಲಗೆಯ ಮೇಲೆ ಬರೆದಾಗ ಮಕ್ಕಳು ಮೊದಲು ಹೇಳಿದ ಮಾತು: ‘ಇದೆಲ್ಲ ನಮ್ಮ ಮನೆಯಲ್ಲೇ ಇದೆ.’ ದೀಪಾವಳಿಗೆ ಎರಡು ವಾರ ಇತ್ತು. ಗೂಡುದೀಪಕ್ಕೆಂದು ಬಿದಿರು ಸೀಳುವ ಕೆಲಸ ಹಲವರ ಮನೆಯಲ್ಲಿ ಆಗಲೇ ಶುರುವಾಗಿತ್ತು.

ಉದ್ದೇಶಗಳು

1. ರೆಕ್ಕೆ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ತಳ್ಳುತ್ತದೆ ಎಂಬುದನ್ನು ಚಲನೆಯ ಮೂರನೇ ನಿಯಮದ ಉದಾಹರಣೆಯಾಗಿ ಗುರುತಿಸುವುದು.

2. ತೂಕ ಹೆಚ್ಚಿದಂತೆ ಹಾರಾಟ ಹೇಗೆ ಬದಲಾಗುತ್ತದೆ ಎಂಬುದನ್ನು ಅಳೆದು ಹೇಳುವುದು.

3. ಒಮ್ಮೆಗೆ ಒಂದೇ ಅಂಶ ಬದಲಿಸಿ ಪ್ರಯೋಗ ಮಾಡುವ ಅಭ್ಯಾಸ.

ಮೊದಲ ಅವಧಿ: ಚಂದದ ವಿಮಾನ ಮತ್ತು ಕಾಗದದ ತಕ್ಕಡಿ

ಪಾಠ ಆರಂಭಿಸಲು ನಾನೇ ಒಂದು ಮಾದರಿ ಮಾಡಿಕೊಂಡು ಹೋಗಿದ್ದೆ. ಬಿದಿರಿನ ದಪ್ಪ ಕಡ್ಡಿಗಳು, ಟಿಶ್ಯೂ ಹೊದಿಕೆ, ಅದರ ಮೇಲೆ ಮೂರು ಬಾರಿ ಎನಾಮಲ್ ಬಣ್ಣ, ರೆಕ್ಕೆಯ ಮೇಲೆ ಅಂಕಿಗಳು. ಬೋಧನೋಪಕರಣಕ್ಕೆ ಅಂಕಗಳಿವೆಯೆಂಬ ನೆನಪಿನಲ್ಲೇ ಅದನ್ನು ಮಾಡಿದ್ದೆ. ಶಾಲೆಯ ಜಗಲಿಯಲ್ಲಿ ಭುಜದ ಎತ್ತರದಿಂದ ಬಿಟ್ಟೆ. ಎರಡು ಮೀಟರ್ ಹೋಗುವಷ್ಟರಲ್ಲಿ ಮೂತಿ ಕೆಳಗಾಗಿ ನೆಲಕ್ಕೆ ಬಡಿಯಿತು. ಎರಡನೇ ಸಲವೂ ಅಷ್ಟೇ. ಹಿಂದಿನ ಸಾಲಿನಿಂದ ಒಬ್ಬ, ‘ಸರ್, ಕಾಂಬುಕೆ ಚಂದ ಇತ್ತ್. ಹಾರುಕಾತಿಲ್ಲೆ ಅಷ್ಟೆ’ ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಮಾತನ್ನು ಎರಡು ದಿನದಲ್ಲೇ ಮರೆತೆ.

ಏಕೆ ಹಾರಲಿಲ್ಲ ಎಂದು ಕೇಳಿದಾಗ ಹೆಚ್ಚಿನವರು ‘ಭಾರ ಜಾಸ್ತಿ’ ಎಂದರು. ಎಷ್ಟು ಭಾರ? ಪ್ರಯೋಗಾಲಯದ ತಕ್ಕಡಿ ಒಂದೇ ಇತ್ತು, ಗುಂಪುಗಳು ಏಳು. ಅದಕ್ಕೆ ಸುಲಭ ಉಪಾಯವಿದೆ. ಜೆರಾಕ್ಸ್‌ಗೆ ಬಳಸುವ ಕಾಗದದ ಕಟ್ಟಿನ ಮೇಲೆ ಅದರ ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಕಾಗದದ ತೂಕ, ಅಚ್ಚಾಗಿರುತ್ತದೆ. ಹದಿನಾರು ಎ4 ಹಾಳೆ ಸೇರಿದರೆ ಒಂದು ಚದರ ಮೀಟರ್. ಹಾಗಾಗಿ 80 ಜಿಎಸ್‌ಎಂನ ಒಂದು ಎ4 ಹಾಳೆ 5 ಗ್ರಾಂ ತೂಗುತ್ತದೆ. ಉದ್ದಕ್ಕೆ ಐದು ಸಮಪಾಲು ಮಾಡಿದರೆ ಒಂದೊಂದು ಪಟ್ಟಿ 1 ಗ್ರಾಂ. ಅದನ್ನು ಅರ್ಧ, ಕಾಲು ಮಾಡಿಕೊಳ್ಳಬಹುದು. ಮೂವತ್ತು ಸೆಂ.ಮೀ. ಸ್ಕೇಲಿನ ನಡುವೆ ನೂಲು ಕಟ್ಟಿ ತೂಗುಹಾಕಿ, ಎರಡು ತುದಿಗೆ ಕಾಗದದ ತಟ್ಟೆ ಇಳಿಬಿಟ್ಟರೆ ತಕ್ಕಡಿ ಸಿದ್ಧ. ಪ್ರತಿ ಗುಂಪೂ ತನ್ನ ತಕ್ಕಡಿ, ತೂಕದ ಪಟ್ಟಿಗಳನ್ನು ತಾನೇ ಮಾಡಿಕೊಂಡಿತು. ನನ್ನ ಬಣ್ಣದ ವಿಮಾನ 18 ಗ್ರಾಂ ಬಂತು.

ಎರಡನೇ ಅವಧಿ: ಚೌಕಟ್ಟು

ಮಾದರಿ ವಿಮಾನ ಕಟ್ಟುವವರು ಸಾಮಾನ್ಯವಾಗಿ ದಕ್ಷಿಣ ಅಮೆರಿಕ ಮೂಲದ ಬಾಲ್ಸಾ ಮರ ಬಳಸುತ್ತಾರೆ. ಅದು ತುಂಬಾ ಹಗುರ. ನಮ್ಮಲ್ಲಿ ಅದು ಅಂಗಡಿಯಲ್ಲಿ ಸಿಗಲಿಲ್ಲ. ಅದರ ಬದಲಿಗೆ ಹಿಡಿಸೂಡಿ ಕಡ್ಡಿ ಬಳಸಿದೆವು. ಹಗುರ ಸಾಮಗ್ರಿಯ ಮಹತ್ವ ನಮ್ಮೂರ ಮಕ್ಕಳಿಗೆ ಹೊಸತಲ್ಲ. ಯಕ್ಷಗಾನದ ಕಿರೀಟ, ಭುಜಕೀರ್ತಿಗಳನ್ನು ಹಗುರ ಮರದಲ್ಲಿ ಏಕೆ ಕೆತ್ತುತ್ತಾರೆ ಎಂದು ಕೇಳಿದಾಗ, ‘ಬೆಳಗಿನವರೆಗೂ ಹೊತ್ತು ಕುಣಿಯಬೇಕಲ್ಲ’ ಎಂಬ ಉತ್ತರ ತಕ್ಷಣ ಬಂತು.

ಅಳತೆ ಹೀಗಿತ್ತು: ರೆಕ್ಕೆಯ ತುದಿಯಿಂದ ತುದಿಗೆ 40 ಸೆಂ.ಮೀ., ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ 8 ಸೆಂ.ಮೀ. ಎರಡು ಅಂಚುಗಳ ನಡುವೆ ಆರು ಅಡ್ಡ ಕಡ್ಡಿಗಳು. ಒಡಲಿಗೆ 35 ಸೆಂ.ಮೀ. ಉದ್ದದ ತೆಳು ಬಿದಿರು ಕಡ್ಡಿ. ಬಾಲಕ್ಕೆ 15 ಸೆಂ.ಮೀ. ಅಗಲದ ಚಿಕ್ಕ ರೆಕ್ಕೆ ಮತ್ತು ನೆಟ್ಟಗೆ ನಿಲ್ಲುವ ಒಂದು ಪಟ್ಟಿ. ಮೂತಿಗೆ ಜೇಡಿಮಣ್ಣಿನ ಉಂಡೆ.

ಇಲ್ಲಿ ಒಂದು ಗುಂಪು ಒಳ್ಳೆಯ ಸಮಸ್ಯೆ ಕಂಡುಹಿಡಿಯಿತು. ಅವರ ರೆಕ್ಕೆಯನ್ನು ನಡುವೆ ಪೆನ್ಸಿಲ್ ಮೇಲೆ ಇಟ್ಟರೆ ಯಾವಾಗಲೂ ಎಡಕ್ಕೆ ವಾಲುತ್ತಿತ್ತು. ತೆಂಗಿನ ಗರಿಯ ಕಡ್ಡಿ ಬುಡದಲ್ಲಿ ದಪ್ಪ, ತುದಿಯಲ್ಲಿ ಸಪೂರ. ಎರಡೂ ಅಂಚಿನ ಕಡ್ಡಿಗಳ ಬುಡ ಒಂದೇ ಕಡೆ ಬಂದಿತ್ತು. ಒಬ್ಬ ಹುಡುಗ ಕಡ್ಡಿಗಳನ್ನು 20 ಸೆಂ.ಮೀ.ಗೆ ತುಂಡರಿಸಿ, ಬುಡಗಳನ್ನೆಲ್ಲ ನಡುವಿಗೂ ತುದಿಗಳನ್ನು ಹೊರಗೂ ಬರುವಂತೆ ಜೋಡಿಸಿದ. ಸಮತೋಲವೂ ಬಂತು, ಹೆಚ್ಚು ಬಲ ಬೇಕಾದ ನಡುಭಾಗದಲ್ಲಿ ದಪ್ಪವೂ ಬಂತು. ಜೋಡಿಸುವಾಗ ಎರಡೂ ರೆಕ್ಕೆತುದಿಗಳನ್ನು ನಡುವಿಗಿಂತ 3 ಸೆಂ.ಮೀ. ಎತ್ತರಿಸಿ ನೂಲು ಸುತ್ತಿ ಅಂಟು ಹಾಕಿದೆವು. ವಿಮಾನ ಒಂದು ಪಕ್ಕಕ್ಕೆ ವಾಲಿದರೆ ಈ ಎತ್ತರಿಸಿದ ಆಕಾರ ಅದನ್ನು ಮತ್ತೆ ಸಮಸ್ಥಿತಿಗೆ ತರುತ್ತದೆ.

ಮೂರನೇ ಅವಧಿ: ಹೊದಿಕೆ

ಪೇಟೆಯಿಂದ ತಂದ ಬಣ್ಣದ ಟಿಶ್ಯೂ ಕಾಗದವನ್ನು ತೂಗಿದಾಗ ಚದರ ಮೀಟರಿಗೆ ಸುಮಾರು 18 ಗ್ರಾಂ ಬಂತು. ರೆಕ್ಕೆಯ ವಿಸ್ತೀರ್ಣ 320 ಚದರ ಸೆಂ.ಮೀ. ಹಾಗಾದರೆ ಒಂದು ಮೈಗೆ ಬೇಕಾದ ಕಾಗದ 0.6 ಗ್ರಾಂಗೂ ಕಡಿಮೆ. ಅದೇ ರೆಕ್ಕೆಗೆ 80 ಜಿಎಸ್‌ಎಂ ಹಾಳೆ ಹೊದಿಸಿದ್ದರೆ ಸುಮಾರು 2.6 ಗ್ರಾಂ ಆಗುತ್ತಿತ್ತು.

ಕಾಗದಕ್ಕೂ ಮರದಂತೆ ಎಳೆಯ ದಿಕ್ಕು ಇದೆ. ಹರಿದು ನೋಡಿದರೆ ಒಂದು ದಿಕ್ಕಿನಲ್ಲಿ ನೇರವಾಗಿ, ಇನ್ನೊಂದು ದಿಕ್ಕಿನಲ್ಲಿ ಅಡ್ಡಾದಿಡ್ಡಿಯಾಗಿ ಹರಿಯುತ್ತದೆ. ನೇರವಾಗಿ ಹರಿಯುವ ದಿಕ್ಕನ್ನು ರೆಕ್ಕೆಯ ಉದ್ದಕ್ಕೆ ಇಡಬೇಕು. ನೀರು ತಾಗಿ ಒಣಗುವಾಗ ಕಾಗದ ಎಳೆಗೆ ಅಡ್ಡವಾಗಿ ಹೆಚ್ಚು ಕುಗ್ಗುತ್ತದೆ. ಆ ಕುಗ್ಗುವಿಕೆ ರೆಕ್ಕೆಯ ಉದ್ದಕ್ಕೆ ಬಂದರೆ ಚೌಕಟ್ಟು ಬಿಲ್ಲಿನಂತೆ ಬಾಗುತ್ತದೆ.

ನಾನು ಮೈದಾ ಅಂಟನ್ನು ಕಾಗದಕ್ಕೆ ಹಚ್ಚಿ ತೋರಿಸುತ್ತಿದ್ದೆ. ಕಾಗದ ಮುದ್ದೆಯಾಗಿ ಬೆರಳಿಗೆ ಅಂಟಿಕೊಂಡಿತು. ಮುಂದಿನ ಸಾಲಿನ ಒಬ್ಬ ಹುಡುಗಿ, ‘ಅಂಟ್ ಕಾಗ್ದಕ್ಕಲ್ಲ ಸರ್, ಕಡ್ಡಿಗ್ ಹಚ್ಕ್’ ಎಂದಳು. ಅವಳ ಮನೆಯಲ್ಲಿ ಪ್ರತಿ ವರ್ಷ ಮಾರಾಟಕ್ಕೆ ಗೂಡುದೀಪ ಕಟ್ಟುತ್ತಾರೆ. ತೆಳ್ಳಗೆ ಕಲಸಿದ ಅಂಟನ್ನು ಕಡ್ಡಿಗೆ ಮಾತ್ರ ಸವರಿದಳು, ಕಾಗದವನ್ನು ಮೇಲಿಂದ ಇಳಿಬಿಟ್ಟಳು, ನಡುವಿನಿಂದ ಹೊರಕ್ಕೆ ಬೆರಳಲ್ಲಿ ಎಳೆದು ಕೂರಿಸಿದಳು. ಅಂಚಿನಲ್ಲಿ ಅರ್ಧ ಸೆಂ.ಮೀ. ಬಿಟ್ಟು ಉಳಿದದ್ದನ್ನು ಕತ್ತರಿಸಿ, ಮಡಚಿ ಅಂಟಿಸಿದಳು. ಉಳಿದ ಆರು ಗುಂಪುಗಳು ಅವಳನ್ನು ನೋಡಿ ಕಲಿತವು. ನಾನೂ ಅಷ್ಟೇ.

ಹೊದಿಸಿದ ಕಾಗದ ಮೊದಲು ಸ್ವಲ್ಪ ಸುಕ್ಕಾಗಿಯೇ ಇರುತ್ತದೆ. ಅಂಟು ಪೂರ್ತಿ ಒಣಗಿದ ಮೇಲೆ ನೀರನ್ನು ಮಂಜಿನಂತೆ ಚಿಮುಕಿಸಬೇಕು. ಕಾಗದದ ನಾರುಗಳು ನೀರು ಹೀರಿ ಉಬ್ಬುತ್ತವೆ, ಒಣಗುವಾಗ ಕುಗ್ಗುತ್ತವೆ. ಅಂಚುಗಳು ಕಡ್ಡಿಗೆ ಅಂಟಿರುವುದರಿಂದ ಕಾಗದ ಒಳಕ್ಕೆ ಸರಿಯಲಾರದೆ ಬಿಗಿಯಾಗುತ್ತದೆ. ಬೆರಳಿಂದ ತಟ್ಟಿದರೆ ಸಣ್ಣ ಸದ್ದು ಬರುತ್ತದೆ. ಆದರೆ ಈ ಬಿಗಿತ ಕಡ್ಡಿಯನ್ನೂ ಎಳೆಯುತ್ತದೆ ಎಂಬುದು ಮುಖ್ಯ. ಒಣಗುವವರೆಗೆ ಒಂದೊಂದೇ ರೆಕ್ಕೆಭಾಗವನ್ನು ಹಲಗೆಯ ಮೇಲೆ ಚಪ್ಪಟೆಯಾಗಿ ಒತ್ತಿಟ್ಟು, ಅಂಚುಗಳ ಮೇಲೆ ಪುಸ್ತಕ ಇಡಬೇಕು. ಆ ಹುಡುಗಿಯ ರೆಕ್ಕೆ ತಕ್ಕಡಿಯಲ್ಲಿ 3 ಗ್ರಾಂ ಬಂತು. ಇಡೀ ವಿಮಾನ ಮಣ್ಣಿನ ಉಂಡೆ ಸೇರಿ 9 ಗ್ರಾಂ. ನನ್ನದರ ಸರಿಯಾಗಿ ಅರ್ಧ.

ಮೆರುಗು, ಮತ್ತು ನನ್ನ ತಪ್ಪು

ಕರಾವಳಿಯಲ್ಲಿ ಮಳೆ ನಿಂತರೂ ಗಾಳಿಯಲ್ಲಿ ತೇವ ಇರುತ್ತದೆ. ಬಿಗಿಯಾಗಿದ್ದ ಟಿಶ್ಯೂ ಸಂಜೆಗೆ ಮತ್ತೆ ಸಡಿಲವಾಗುತ್ತದೆ. ಅದಕ್ಕೆಂದೇ ಮಾದರಿ ವಿಮಾನದವರು ‘ಡೋಪ್’ ಎಂಬ ದ್ರಾವಣ ಬಳಿಯುತ್ತಾರೆ. ನೈಟ್ರೋಸೆಲ್ಯುಲೋಸನ್ನು ದ್ರಾವಕದಲ್ಲಿ ಕರಗಿಸಿದ ಅದು ಕಾಗದದ ರಂಧ್ರ ಮುಚ್ಚಿ, ಒಣಗುವಾಗ ಮತ್ತಷ್ಟು ಬಿಗಿಗೊಳಿಸುತ್ತದೆ. ಮನುಷ್ಯರು ಕುಳಿತು ಹಾರುವ ವಿಮಾನಗಳಲ್ಲೂ ಈ ವಿಧಾನವಿತ್ತು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗಿ 1958ರಲ್ಲಿ ಮೊದಲು ಹಾರಿದ, ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಬಳಕೆಯಾದ ‘ಪುಷ್ಪಕ್’ ಎಂಬ ಎರಡು ಆಸನದ ವಿಮಾನದ ಹೊದಿಕೆ ಬಟ್ಟೆಯದ್ದೇ.

ಮರುದಿನ ವೀಕ್ಷಕರು ಬರುವವರಿದ್ದರು. ಏಳು ವಿಮಾನಗಳನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಪಾಠ ಆರಂಭಿಸಬೇಕೆಂದು ನನ್ನ ಯೋಜನೆಯಲ್ಲಿತ್ತು. ಎಲ್ಲಕ್ಕಿಂತ ಚೆನ್ನಾಗಿದ್ದ ಆ ಹುಡುಗಿಯ ರೆಕ್ಕೆಯನ್ನು ಸಂಜೆ ಕೋಣೆಗೆ ಒಯ್ದೆ. ಮರಗೆಲಸದವರು ಬಳಸುವ ಎನ್‌ಸಿ ಲ್ಯಾಕರ್ ಕೂಡ ನೈಟ್ರೋಸೆಲ್ಯುಲೋಸಿನದ್ದೇ. ಅದನ್ನು ತೆಳು ಮಾಡದೆ, ಎರಡೂ ಮೈಗೆ ಎರಡೆರಡು ಸಲ ಬಳಿದು, ಗೋಡೆಗೆ ಒರಗಿಸಿ ಮಲಗಿದೆ. ಅವಳನ್ನು ಕೇಳಿರಲಿಲ್ಲ. ಕೇಳಬೇಕು ಎಂದು ತೋಚಲೂ ಇಲ್ಲ.

ಬೆಳಿಗ್ಗೆ ರೆಕ್ಕೆ ಹೊಳೆಯುತ್ತಿತ್ತು. ಆದರೆ ಎಡ ತುದಿಯ ಹಿಂದಿನ ಅಂಚು ಒಂದು ಸೆಂ.ಮೀ.ಗೂ ಹೆಚ್ಚು ಮೇಲಕ್ಕೆ ತಿರುಚಿಕೊಂಡಿತ್ತು. ಲ್ಯಾಕರ್ ಕಾಗದವನ್ನು ಎಳೆದಿತ್ತು, ಕಾಗದ ಸಪೂರ ಕಡ್ಡಿಯನ್ನು ಎಳೆದಿತ್ತು. ಒತ್ತಿಡುವ ಹಲಗೆಯ ಬಗ್ಗೆ ತರಗತಿಯಲ್ಲಿ ನಾನೇ ಹೇಳಿದ್ದೆ, ನಾನೇ ಪಾಲಿಸಿರಲಿಲ್ಲ.

ನಾಲ್ಕನೇ ಅವಧಿ: ವಿಚಲನೆಯ ಕಾರಣ

ಮೊದಲ ಗಂಟೆ. ವೀಕ್ಷಕರು ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಹುಡುಗಿ ತನ್ನ ರೆಕ್ಕೆಯನ್ನು ಕೈಯಲ್ಲಿ ಹಿಡಿದು ಎರಡೂ ತುದಿ ನೋಡಿದಳು, ಬೆರಳಿಂದ ತಟ್ಟಿದಳು. ತಿರುಗಿ ಬಂದು ನನ್ನ ಮೇಜಿನ ಮೇಲಿಟ್ಟು, ‘ಸರ್, ಇದ್ ಈಗ ನಿಮ್ದ್’ ಎಂದಳು. ಸಿಟ್ಟಿನ ದನಿಯಲ್ಲ. ಬೇರೆಯವರ ಪುಸ್ತಕ ಹಿಂದಿರುಗಿಸುವ ಹಾಗೆ. ಹೋಗಿ ಕುಳಿತುಕೊಂಡಳು.

ಯೋಜನೆಯ ಪ್ರಕಾರ ನಾನು ಪ್ರದರ್ಶನದಿಂದ ಆರಂಭಿಸಬೇಕಿತ್ತು. ಅದನ್ನು ಬಿಟ್ಟೆ. ನಡೆದದ್ದನ್ನು ತರಗತಿಗೆ ಹೇಳಿದೆ: ರೆಕ್ಕೆ ಅವಳದ್ದು, ಬಳಿದವನು ನಾನು, ಕೇಳದೆ ಬಳಿದೆ. ಆಮೇಲೆ ಅದನ್ನೇ ಪ್ರಯೋಗವಾಗಿ ತೆಗೆದುಕೊಳ್ಳಬಹುದೇ ಎಂದು ಅವಳನ್ನು ಕೇಳಿದೆ. ‘ಅಡ್ಡಿಲ್ಲ ಸರ್’ ಎಂದಳು.

ಮೊದಲು ತೂಗಿದೆವು. 3 ಗ್ರಾಂ ಇದ್ದದ್ದು 5 ಗ್ರಾಂ ಆಗಿತ್ತು. 0.6 ಗ್ರಾಂ ಕಾಗದವನ್ನು ಕಾಪಾಡಲು 2 ಗ್ರಾಂ ಲ್ಯಾಕರ್! ಹಾರಿಸುವ ಮುಂಚೆ ಏನಾಗುತ್ತದೆಂದು ಎಲ್ಲರೂ ಬರೆದರು. ಜಗಲಿಯಲ್ಲಿ ಬಿಟ್ಟಾಗ ವಿಮಾನ ಎಡಕ್ಕೆ ತಿರುಗಿ ಗೋಡೆಗೆ ತಾಗಿತು. ಹಿಂದಿನ ಅಂಚು ಮೇಲೆದ್ದ ಕಡೆ ರೆಕ್ಕೆ ಗಾಳಿಯನ್ನು ಕೆಳಕ್ಕೆ ತಳ್ಳುವುದು ಕಡಿಮೆ. ಹಾಗಾಗಿ ಆ ಕಡೆಗೆ ಮೇಲ್ಮುಖ ಬಲವೂ ಕಡಿಮೆ. ಮೂರನೇ ನಿಯಮವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉಪಕರಣವನ್ನು ಬೇಕೆಂದು ಮಾಡಿದ್ದರೂ ಆಗುತ್ತಿರಲಿಲ್ಲ. ರೆಕ್ಕೆಯ ಮೇಲ್ಭಾಗ ಉಬ್ಬಿರಲೇಬೇಕು, ಮೇಲಿನ ಗಾಳಿ ಕೆಳಗಿನ ಗಾಳಿಯ ಜೊತೆ ಒಟ್ಟಿಗೇ ಹಿಂದೆ ತಲುಪಲು ಓಡುತ್ತದೆ ಎಂಬ ವಿವರಣೆ ಹಲವೆಡೆ ಇದೆ; ಅದು ಸರಿಯಲ್ಲ. ನಮ್ಮ ರೆಕ್ಕೆಗಳು ಚಪ್ಪಟೆ. ಮುಂದಿನ ಅಂಚು ಸ್ವಲ್ಪ ಎತ್ತರದಲ್ಲಿದ್ದರೆ ಸಾಕು, ಅವು ತೇಲುತ್ತವೆ.

ನಂತರ ಉಳಿದ ಆರು ವಿಮಾನಗಳನ್ನೂ ನನ್ನ 18 ಗ್ರಾಂನದ್ದನ್ನೂ ಒಂದೇ ಎತ್ತರದಿಂದ ಬಿಟ್ಟೆವು. 9 ಗ್ರಾಂ ಆಸುಪಾಸಿನವು ಆರು ಮೀಟರ್‌ವರೆಗೆ ತೇಲಿದವು. ಮಕ್ಕಳಿಗೆ ಕೊಟ್ಟ ವಿವರಣೆ ಇದು: ವೇಗ ಇಮ್ಮಡಿಯಾದರೆ ಎತ್ತುವ ಬಲ ನಾಲ್ಕು ಪಟ್ಟಾಗುತ್ತದೆ. ತೂಕ ಇಮ್ಮಡಿಯಾದರೆ, ಅದನ್ನು ಹೊರಲು ವೇಗ ಸುಮಾರು 1.4 ಪಟ್ಟು ಬೇಕು. ಕೈಯಿಂದ ಮೆಲ್ಲನೆ ಬಿಟ್ಟ ಭಾರದ ವಿಮಾನಕ್ಕೆ ಆ ವೇಗ ಇರುವುದಿಲ್ಲ. ವೇಗ ಪಡೆಯಲು ಅದು ಎತ್ತರ ಕಳೆದುಕೊಳ್ಳಬೇಕು. ಭುಜದ ಎತ್ತರದಿಂದ ಬಿಟ್ಟದ್ದಕ್ಕೆ ಕಳೆದುಕೊಳ್ಳಲು ಎಷ್ಟು ಎತ್ತರ ಇದ್ದೀತು? ಇನ್ನೊಂದು ಲೆಕ್ಕ ‘ಕೆಲಸ ಮತ್ತು ಶಕ್ತಿ’ ಘಟಕಕ್ಕೆ ದಾರಿ ಮಾಡಿಕೊಟ್ಟಿತು. ರಾಶಿ ಎರಡು ಪಟ್ಟು, ವೇಗದ ವರ್ಗವೂ ಎರಡು ಪಟ್ಟು. ಅಂದರೆ ಅಂಥ ವಿಮಾನ ಗೋಡೆಗೆ ಬಡಿಯುವಾಗ ಚಲನ ಶಕ್ತಿ ನಾಲ್ಕು ಪಟ್ಟು. ಗಟ್ಟಿಯಾಗಲೆಂದು ತೂಕ ಸೇರಿಸಿದರೆ ಪೆಟ್ಟೂ ಗಟ್ಟಿಯಾಗುತ್ತದೆ.

ವೀಕ್ಷಣಾ ಪುಸ್ತಕದಲ್ಲಿ ‘ಉಪಕರಣ ಪ್ರದರ್ಶನ’ದ ಸಾಲು ಖಾಲಿ ಉಳಿಯಿತು. ಅದು ನ್ಯಾಯವೇ.

ಐದನೇ ಅವಧಿ ಮತ್ತು ಇತರ ಎರಡು ಶಾಲೆಗಳು

ಸೊಟ್ಟ ರೆಕ್ಕೆಯನ್ನು ಕುದಿಯುವ ನೀರಿನ ಆವಿಗೆ ಹಿಡಿದು, ವಿರುದ್ಧ ದಿಕ್ಕಿಗೆ ತಿರುಚಿ, ತಣ್ಣಗಾಗುವವರೆಗೆ ಹಾಗೇ ಹಿಡಿದರೆ ಬಹುಮಟ್ಟಿಗೆ ನೇರವಾಗುತ್ತದೆ. ನಾನು ಹಾಗೆ ಸರಿಮಾಡಿಕೊಡುತ್ತೇನೆ ಎಂದೆ. ಹುಡುಗಿ ಬೇಡವೆಂದಳು. ಸೋಮವಾರ ಹೊಸ ರೆಕ್ಕೆ ತಂದಳು. ಅದನ್ನು ಹೊರತೆಗೆದವಳು ಮೊದಲು ತಕ್ಕಡಿಯಲ್ಲಿಟ್ಟಳು. ಮೂರು ಗ್ರಾಂಗೆ ಸ್ವಲ್ಪ ಕಡಿಮೆ ಇತ್ತು. ತೇವದ ಸಮಸ್ಯೆಗೆ ಏನು ಮಾಡೋಣ ಎಂದು ಈ ಸಲ ನಾನು ಅವಳ ಗುಂಪನ್ನೇ ಕೇಳಿದೆ. ಮರಕ್ಕೆ ಬಳಸುವ ಬಿಳಿ ಅಂಟು ಒಂದು ಪಾಲಿಗೆ ನೀರು ಐದು ಪಾಲು ಬೆರೆಸಿ, ಮೇಲ್ಮೈಗೆ ಮಾತ್ರ ಒಂದೇ ಸಲ ಸವರಿ, ಹಲಗೆಗೆ ಒತ್ತಿಟ್ಟು ಒಣಗಿಸಿದರು. ಕಾಲು ಗ್ರಾಂನ ಪಟ್ಟಿಗಿಂತ ಹೆಚ್ಚು ತೂಕ ಸೇರಲಿಲ್ಲ, ರೆಕ್ಕೆ ಸೊಟ್ಟಗಾಗಲೂ ಇಲ್ಲ.

ಬೈಂದೂರು ಕಡೆಯ ಶಾಲೆಯಲ್ಲಿದ್ದ ನನ್ನ ಸಹಪಾಠಿ ಇದೇ ಪಾಠವನ್ನು ಮಧ್ಯಾಹ್ನದ ಅವಧಿಯಲ್ಲಿ ಮೈದಾನದಲ್ಲಿ ಮಾಡಿದರು. ಸಹಪಾಠಿ ವೀಕ್ಷಣೆಗೆ ನಾನು ಹೋಗಿದ್ದೆ. ಶಾಲೆ ಕಡಲಿಗೆ ಹತ್ತಿರ. ಆ ಹೊತ್ತಿಗೆ ಕಡಲಗಾಳಿ ಎದ್ದಿತ್ತು. 9 ಗ್ರಾಂನ ವಿಮಾನಗಳು ಎಲೆಗಳಂತೆ ತೂರಿಹೋದವು, ಅಳೆಯಲು ಏನೂ ಸಿಗಲಿಲ್ಲ. ಮರುದಿನ ಬೆಳಗಿನ ಮೊದಲ ಗಂಟೆಯಲ್ಲಿ ಗಾಳಿ ನಿಂತಿದ್ದಾಗ ಅದೇ ವಿಮಾನಗಳು ಚೆನ್ನಾಗಿ ಹಾರಿದವು. ನೆಲ ಬಿಸಿಯಾದ ಮೇಲೆ ಕಡಲಿನಿಂದ ಗಾಳಿ ಬೀಸುವುದನ್ನು ಅವರು ಅಲ್ಲೇ ಒಂದು ಚಿಕ್ಕ ಪಾಠ ಮಾಡಿಕೊಂಡರು.

ಬ್ರಹ್ಮಾವರದ ಶಾಲೆಯಲ್ಲಿದ್ದ ಇನ್ನೊಬ್ಬ ಸಹಪಾಠಿ ಮೂರನೇ ಉದ್ದೇಶವನ್ನು ನನಗಿಂತ ಚೆನ್ನಾಗಿ ಸಾಧಿಸಿದರು. ಒಂದೇ ಅಳತೆಯ ಮೂರು ಚೌಕಟ್ಟಿಗೆ ಕ್ರಮವಾಗಿ ಟಿಶ್ಯೂ, ದಿನಪತ್ರಿಕೆ, ಜೆರಾಕ್ಸ್ ಹಾಳೆ ಹೊದಿಸಿ, ಉಳಿದದ್ದೆಲ್ಲ ಸಮವಿಟ್ಟು ಹಾರಿಸಿದರು. ನನ್ನ ಪಾಠದಲ್ಲಿ ತೂಕವೂ ತಿರುಚೂ ಒಟ್ಟಿಗೇ ಬದಲಾಗಿದ್ದವು. ಎಡಕ್ಕೆ ತಿರುಗಿದ್ದಕ್ಕೆ ಕಾರಣ ತಿರುಚು ಎಂದು ಹೇಳಬಹುದು. ಆದರೆ ದೂರ ಕಡಿಮೆಯಾದದ್ದರಲ್ಲಿ ಯಾವುದರ ಪಾಲು ಎಷ್ಟು ಎಂದು ಬೇರ್ಪಡಿಸುವಂತಿರಲಿಲ್ಲ.

ಈ ಪಾಠ ಮಾಡುವವರಿಗೆ ಸಲಹೆಗಳು

1. ಸಮತೋಲ ಬಿಂದು ರೆಕ್ಕೆಯ ಮುಂದಿನ ಅಂಚಿನಿಂದ 2ರಿಂದ 2.5 ಸೆಂ.ಮೀ. ಹಿಂದೆ ಇರಲಿ. ಮೂತಿ ಎತ್ತಿ ನಿಂತು ಕುಸಿದರೆ ಮಣ್ಣು ಸೇರಿಸಿ. ನೇರ ನೆಲಕ್ಕೆ ಹೋದರೆ ತೆಗೆಯಿರಿ.

2. ಹಸಿ ಜೇಡಿಮಣ್ಣು ಒಣಗಿದಾಗ ಹಗುರವಾಗುತ್ತದೆ. ನಿನ್ನೆ ಸರಿಯಿದ್ದ ವಿಮಾನ ಇಂದು ಮೂತಿ ಎತ್ತಿದರೆ ಇದೇ ಕಾರಣ. ಹಾರಿಸುವ ದಿನವೇ ಮತ್ತೆ ಸಮತೋಲ ನೋಡಿ.

3. ಮೊದಲ ಗಂಟೆಯನ್ನು ಕೇಳಿ ಪಡೆಯಿರಿ. ಇಲ್ಲವಾದರೆ ಜಗಲಿ ಅಥವಾ ಸಭಾಂಗಣ ಬಳಸಿ.

4. ಡೋಪ್, ಎನ್‌ಸಿ ಲ್ಯಾಕರ್, ತಿನ್ನರ್‌ಗಳನ್ನು ತರಗತಿಗೆ ತರಬೇಡಿ. ಬೇಗ ಬೆಂಕಿ ಹಿಡಿಯುತ್ತವೆ, ಆವಿ ಆರೋಗ್ಯಕ್ಕೆ ಕೆಟ್ಟದ್ದು. ನೀರು ಬೆರೆಸಿದ ಅಂಟು ಸಾಕು.

5. ಪ್ರತಿ ಹಂತದ ಮೊದಲೂ ನಂತರವೂ ತೂಗಿಸಿ. ಬಣ್ಣ ಬೇಕೆಂದರೆ ಬಣ್ಣದ ಟಿಶ್ಯೂ ಬಳಸಿ. ಅದರ ಬಣ್ಣಕ್ಕೆ ಬೇರೆ ತೂಕವಿಲ್ಲ.

6. ವೀಕ್ಷಣೆಯ ದಿನ ಮಕ್ಕಳ ಕೈಕೆಲಸ ಹೇಗಿದೆಯೋ ಹಾಗೇ ಇರಲಿ. ಸರಿಪಡಿಸಲು ನಿಮಗೆ ಕೈ ತುರಿಸಿದರೆ ಮಾಡಿದವರನ್ನು ಕೇಳಿ. ಬೇಡ ಎಂದರೆ ಬಿಡಿ.

ಲ್ಯಾಕರ್ ಬಳಿದ ರೆಕ್ಕೆ ನನ್ನ ಬೋಧನೋಪಕರಣಗಳ ಪೆಟ್ಟಿಗೆಯಲ್ಲಿದೆ. ಅದರ ಮೇಲೆ ಎರಡು ತೂಕಗಳನ್ನೂ ದಿನಾಂಕವನ್ನೂ ಬರೆದಿದ್ದೇನೆ. ‘ಸಿದ್ಧಪಡಿಸಿದವರು’ ಎಂಬಲ್ಲಿ ಚೌಕಟ್ಟು ಮತ್ತು ಹೊದಿಕೆ ವಿದ್ಯಾರ್ಥಿನಿಯದ್ದು, ಲ್ಯಾಕರ್ ನನ್ನದು ಎಂದಿದೆ. ಈ ಪಾಠ ಮಾಡುವವರು ಯಾರಾದರೂ ಕೇಳಿದರೆ ಕೊಡುತ್ತೇನೆ.